ಚಾ ಕುಡಿಯದವಳೊಡನೆ ವಾದ

ದುಬೈನ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ನಮ್ಮ ಪಕ್ಕದ ಮನೆಯ ಅಂಕಲ್ ಮಂಗಳೂರಿನ ಕ್ಯಾಥೊಲಿಕರು. ಮಾತಿಗೊಮ್ಮೆ ಬೆರಳೆತ್ತಿ "ಲಾಜಿಕ್ ಬೇಡ್ವಾ ಮಾರಾಯ್ರೆ?" ಎನ್ನುವುದು ಅವರ ಅಭ್ಯಾಸ. ನನ್ನ ರೂಮಿನ ಬೆಂಗಳೂರಿನ ನರ್ಸ್ ಚಾ, ಕಾಫಿ ಮುಟ್ಟದ ಮಾರ್ಮನ್ ಎಂಬ ಕ್ರೈಸ್ತ ಪಂಥದವಳೆಂದು ತಿಳಿದ ಮೇಲೆ ಅವರಿಗೆ ಹಬ್ಬವೋ ಹಬ್ಬ. ನಾನು ಕೊಟ್ಟ ಚಾ ಹೀರುತ್ತಲೇ ಅವಳನ್ನು ಕೆಣಕುತ್ತಿದ್ದರು: "ನೀನು ಚಾ ಕುಡಿದ್ರೆ ದೇವರಿಗೆ ಎಂತ ನಷ್ಟ?" ಅವಳು ನಕ್ಕು ತನ್ನ ಲೋಟಕ್ಕೆ ನೀರು ತುಂಬಿಸಿಕೊಳ್ಳುತ್ತಿದ್ದಳು.

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಒಂದು ಶುಕ್ರವಾರ ನಮ್ಮನ್ನು ಊಟಕ್ಕೆ ಕರೆದರು. ಮೇಜಿನ ಮೇಲೆ ಸಿಗಡಿ ಘೀ ರೋಸ್ಟ್, ಅಂಜಲ್ ಮೀನಿನ ಫ್ರೈ, ಏಡಿ ಸುಕ್ಕ.

"ಇವತ್ತು ನಾವು ಮಾಂಸ ಮುಟ್ಟುವುದಿಲ್ಲ, ವ್ರತ. ಮೀನು, ಏಡಿ ಎಲ್ಲ ಆಗ್ತದೆ," ಎಂದರು ಗಂಭೀರವಾಗಿ.

"ಅಂಕಲ್, ಇದ್ರಿಂದ ಕೋಳಿಗೆ ಬಿಟ್ಟು ಇನ್ಯಾರಿಗೆ ಲಾಭ?" ಎಂದು ನರ್ಸ್ ಮೆಲ್ಲಗೆ ಕೇಳಿದಳು.

ಅವರ ಹೆಂಡತಿ ಗಟ್ಟಿಯಾಗಿ ನಕ್ಕುಬಿಟ್ಟರು.

"ನಂಬಿಕೆಯನ್ನು ಹಾಗೆಲ್ಲ ತಮಾಷೆ ಮಾಡ್ಬಾರ್ದು," ಎಂದು ನೊಂದ ದನಿಯಲ್ಲಿ ಹೇಳಿ, ಅಂಕಲ್ ಇನ್ನೊಂದು ಏಡಿಯ ಕಾಲು ಮುರಿದರು.