ಏಳನೇ ಪ್ರೆಸ್ಸಿನ ಎಡಗುಂಡಿ

ಮೂರು ವಾರ ಕೂತು ಹೆಣೆದ ಸನ್ನಿವೇಶವನ್ನು ಅವಳು ಒಂದು ಲೋಟ ಚಹಾ ಮುಗಿಯುವಷ್ಟರಲ್ಲಿ ಹಾಳು ಮಾಡಿದಳು. ಅವತ್ತು ನನಗೆ ಎಂಥ ಸಿಟ್ಟು ಬಂತೆಂದರೆ, ದಾಳಗಳನ್ನು ಡಬ್ಬಿಗೆ ಸುರಿದುಕೊಂಡು ಎದ್ದೇಬಿಡುವವಳಿದ್ದೆ. ಎದ್ದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಒಂದು ವಾರ ಅಂದುಕೊಂಡೆ. ಈಗ ಹಾಗೆ ಅನ್ನಿಸುವುದಿಲ್ಲ.

ಮೊದಲು ಆಟ ಏನೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಎಲ್ಲರೂ ಲೂಡೋ ಎಂದುಕೊಳ್ಳುತ್ತಾರೆ. ಇದಕ್ಕೆ ಮಣೆ ಇಲ್ಲ, ಕಾಯಿ ಇಲ್ಲ. ಮೇಜಿನ ಸುತ್ತ ನಾಲ್ಕು ಜನ ಕೂರುತ್ತೇವೆ. ಮೂವರು ಒಂದೊಂದು ಪಾತ್ರವಾಗುತ್ತಾರೆ: ಬಾಹ್ಯಾಕಾಶ ನೌಕೆಯ ಕ್ಯಾಪ್ಟನ್, ಡಾಕ್ಟರ್, ಮೆಕ್ಯಾನಿಕ್. ನಾನು ಆಟ ನಡೆಸುವವಳು. ಎದುರಿಗೆ ಏನಿದೆ ಎಂದು ನಾನು ಹೇಳುತ್ತೇನೆ, ತಾವೇನು ಮಾಡುತ್ತೇವೆ ಎಂದು ಅವರು ಹೇಳುತ್ತಾರೆ, ಅದು ಆದೀತೋ ಇಲ್ಲವೋ ಎನ್ನುವುದನ್ನು ಹತ್ತು ಮುಖದ ದಾಳ ಹೇಳುತ್ತದೆ. ಎದುರಿಗೆ ಏನಿರಬೇಕು ಎನ್ನುವುದನ್ನು ನಾನು ಮುಂಚೆಯೇ ಬರೆದಿಟ್ಟುಕೊಳ್ಳಬೇಕು. ಅದಕ್ಕೇ ಸನ್ನಿವೇಶ ಎನ್ನುತ್ತೇವೆ. ನನಗೆ ಆಟಕ್ಕಿಂತ ಅದನ್ನು ಬರೆಯುವ ಹುಚ್ಚೇ ಹೆಚ್ಚು.

ಇದನ್ನು ಕಲಿತದ್ದು ವೈಟ್‌ಫೀಲ್ಡಿನ ಒಂದು ಕೆಫೆಯಲ್ಲಿ. ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ಊರಿನ ಈ ತುದಿಯಿಂದ ಆ ತುದಿಗೆ ಹೋಗುತ್ತಿದ್ದೆ. ಅಲ್ಲಿಯವರು ಒಳ್ಳೆಯವರೇ. ಮೂರನೇ ಭಾನುವಾರ ನನ್ನ ಪಾತ್ರ ಕನ್ನಡದಲ್ಲಿ ಸ್ಪ್ಯಾನರ್ ಕೇಳಿತು. ಇನ್ನೂರು ವರ್ಷ ಆದ ಮೇಲೆ ಕನ್ನಡ ಇರುತ್ತಾ ಎಂದು ಒಬ್ಬ ನಗುತ್ತ ಕೇಳಿದ. ನಿನ್ನ ಕಂಪನಿ ಇರುತ್ತಾ ಎಂದು ಕೇಳಿ ಎದ್ದು ಬಂದೆ. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಹೀಗೆ ಆಟ ದಾಸರಹಳ್ಳಿಯ ನನ್ನ ಬಾಡಿಗೆ ಕೋಣೆಗೆ ಬಂತು. ಪ್ರತಿ ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ ಶುರು. ಕ್ಯಾಪ್ಟನ್ ಆಗುವವರು ಮನೆ ಓನರ್ ಅಕ್ಕ. ಅವರ ಮಾವನ ಕಾಲದ ರಾಗಿ ಹೊಲದ ಮೇಲೆಯೇ ಈ ನಾಲ್ಕು ಅಂತಸ್ತು ಎದ್ದಿರುವುದು. ಯಾವ ಗ್ರಹಕ್ಕೆ ಇಳಿದರೂ ಅವರು ಮೊದಲು ಕೇಳುವುದು ಅಲ್ಲಿ ಬೋರ್‌ವೆಲ್ಲೋ ಟ್ಯಾಂಕರ್ರೋ ಎಂದು. ಡಾಕ್ಟರ್, ಪಕ್ಕದ ಶೆಡ್ಡಿನಲ್ಲಿ ಲೇತ್ ನಡೆಸುವ ಮನುಷ್ಯ. ಬಾಯಿ ಬಿಡುವುದು ಕಡಿಮೆ, ದಾಳಕ್ಕೆ ಊದಿ ಎಸೆಯುತ್ತಾನೆ. ಮೆಕ್ಯಾನಿಕ್ ಅವಳು. ವಿಜಯಪುರದ ಕಡೆಯವಳು, ಪೀಣ್ಯದಲ್ಲಿ ನಾನಿರುವ ಕಾರ್ಖಾನೆಯಲ್ಲೇ ಏಳನೇ ಪ್ರೆಸ್ ನಡೆಸುತ್ತಾಳೆ.

ಪ್ರೆಸ್ ಎಂದರೆ, ತಗಡನ್ನು ಅಚ್ಚಿನ ಮೇಲಿಟ್ಟರೆ ಮೇಲಿನಿಂದ ಟನ್‌ಗಟ್ಟಲೆ ಭಾರ ಇಳಿದು ಅದನ್ನು ಆಕಾರಕ್ಕೆ ತರುವ ಯಂತ್ರ. ಅದನ್ನು ಇಳಿಸಲು ಎರಡು ಗುಂಡಿಗಳಿರುತ್ತವೆ, ಒಂದು ಎಡಕ್ಕೆ, ಒಂದು ಬಲಕ್ಕೆ. ಎರಡನ್ನೂ ಒಟ್ಟಿಗೆ ಒತ್ತಬೇಕು. ಎರಡೂ ಕೈ ಗುಂಡಿಗಳ ಮೇಲಿದ್ದರೆ ಅಚ್ಚಿನೊಳಗೆ ಕೈ ಇರಲಾರದು, ಅಷ್ಟೇ ಲೆಕ್ಕಾಚಾರ. ನಾನು ಅಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್. ದಿನಾ ಬೆಳಿಗ್ಗೆ ಒಂದೊಂದು ಪ್ರೆಸ್ಸಿಗೂ ಒಂದು ಚೆಕ್ ಶೀಟ್ ತುಂಬಬೇಕು: ಎಣ್ಣೆ, ಅಚ್ಚು, ಮೊದಲ ಪೀಸಿನ ಅಳತೆ, ಎರಡು ಕೈ ಗುಂಡಿ. ಆಡಿಟ್ ಮುಗಿದ ಮೇಲೆ ಹಳೆಯ ಶೀಟುಗಳು ಗುಜರಿಗೆ ಹೋಗುತ್ತವೆ. ಹಿಂಬದಿ ಖಾಲಿ ಇರುತ್ತದಲ್ಲ ಎಂದು ನಾನು ಅವನ್ನು ಮನೆಗೆ ತಂದು ಸನ್ನಿವೇಶ ಬರೆಯುತ್ತಿದ್ದೆ, ನೌಕೆಗಳ ನಕ್ಷೆ ಬಿಡಿಸುತ್ತಿದ್ದೆ.

ಆ ಸಲದ ಸನ್ನಿವೇಶ ಒಂದು ಪಾಳುಬಿದ್ದ ಗಣಿ ನಿಲ್ದಾಣದ್ದು, ದೂರದ ಯಾವುದೋ ಚಂದ್ರನ ಸುತ್ತ ತಿರುಗುವಂಥದ್ದು. ಅದರ ಹೊರಬಾಗಿಲು ಭಾರೀ ಉಕ್ಕಿನದು, ಸಿಕ್ಕಿದ್ದನ್ನು ಕತ್ತರಿಸಿಕೊಂಡೇ ಮುಚ್ಚುವಂಥದ್ದು. ಎರಡು ಗೋಡೆಯಲ್ಲಿ ಎರಡು ಗುಂಡಿ, ಇಬ್ಬರು ಒಟ್ಟಿಗೆ ಒತ್ತಿ ಹಿಡಿದರೆ ಮಾತ್ರ ಅದು ಅಲುಗಾಡುತ್ತದೆ. ಕಥೆಯ ಮೊದಲರ್ಧದಲ್ಲಿ ಕ್ಯಾಪ್ಟನ್ನಿಗೂ ಮೆಕ್ಯಾನಿಕ್ಕಿಗೂ ಜಗಳ ತಂದಿಟ್ಟಿದ್ದೆ. ಮಾತು ಬಿಟ್ಟವರು ಬಾಗಿಲ ಮುಂದೆ ನಿಂತು ರಾಜಿಯಾಗಬೇಕು, ಅದಕ್ಕೆ ಎರಡು ಗಂಟೆಯಾದರೂ ಹಿಡಿಯಬೇಕು ಎನ್ನುವುದು ನನ್ನ ಹೊಂಚು. ಈ ಗುಂಡಿಗಳನ್ನು ನಮ್ಮ ಕಾರ್ಖಾನೆಯ ಶೆಡ್ಡಿನಿಂದಲೇ ಕದ್ದಿದ್ದೇನೆ ಎಂದು ನನಗೆ ಹೊಳೆದೂ ಇರಲಿಲ್ಲ.

ನಕ್ಷೆಯನ್ನು ಅವಳ ಕೈಗೆ ಕೊಟ್ಟೆ. ಅವಳು ಚಹಾ ಹೀರುತ್ತ ನೋಡಿದಳು.

"ಎಡಗಡೆ ಗುಂಡಿ ಒತ್ತಿ ಸೈಕಲ್ ಟ್ಯೂಬ್ ಕಟ್ಟತೀನಿ," ಎಂದಳು. "ಬಲಗಡೀದು ಒಂದ ಕೈಲೆ ಒತ್ತತೀನಿ. ಇಬ್ರು ಯಾಕ ಬೇಕ್ರಿ?"

ಕ್ಯಾಪ್ಟನ್ ಚಪ್ಪಾಳೆ ತಟ್ಟಿದರು. ನನಗೆ ಮೈ ಉರಿಯಿತು. ಅದು ಸಾಧ್ಯವೇ ಇಲ್ಲ, ಕಟ್ಟಿದರೆ ಬಾಗಿಲು ಕೆಲಸ ಮಾಡುವುದಿಲ್ಲ, ಇಂಥದ್ದನ್ನು ದಿನಾ ನೋಡಿ ಸಹಿ ಹಾಕುವವರು ಇರುತ್ತಾರೆ ಎಂದು ಒಂದೇ ಉಸಿರಿಗೆ ಹೇಳಿದೆ. ಆಟ ನಡೆಸುವವಳ ಮಾತೇ ಕೊನೆ ಎಂದೂ ಸೇರಿಸಿದೆ. ಅವಳು ನಕ್ಷೆಯ ಹಾಳೆಯನ್ನು ಮಗುಚಿದಳು.

"ಇಲ್ಲೂ ದಿನಾ ನೋಡ್ಯಾರಂತ ಬರದೈತಿ, ಅಕ್ಕಾರ. ಏಳನೇ ಪ್ರೆಸ್, ಎರಡೂ ಗುಂಡಿ ಸರಿ. ಸಹಿ ನಿಮ್ದ ಐತಲ್ರಿ. ನಮ್ಮ ಏಳಕ್ಕ ಟ್ಯೂಬ್ ಕಟ್ಟಿ ವರ್ಷದ ಮ್ಯಾಲಾತು."

ನನ್ನದೇ ಟಿಕ್ಕುಗಳು, ಮೇಲಿಂದ ಕೆಳಕ್ಕೆ ಒಂದೇ ಓಟದಲ್ಲಿ ಹೊಡೆದವು. ಎಲ್ಲರೂ ಹೀಗೇ ಮಾಡುತ್ತಾರೆ. ಶೆಡ್ಡಿನ ತುದಿಯ ನನ್ನ ಮೇಜಿಗೆ ಮೊದಲ ಪೀಸ್ ಬರುತ್ತದೆ, ಅದರ ಅಳತೆಯನ್ನು ಕೂದಲೆಳೆಯಷ್ಟೂ ಬಿಡದೆ ನೋಡುತ್ತೇನೆ, ಉಳಿದ ಸಾಲುಗಳಿಗೆ ಕೂತಲ್ಲೇ ಟಿಕ್ ಹೊಡೆಯುತ್ತೇನೆ. ತಗಡು ಕೆಟ್ಟರೆ ನನ್ನನ್ನು ಕೇಳುವವರಿದ್ದಾರೆ. ಅವಳ ಕೈ ಕೆಟ್ಟರೆ ಕೇಳುವವರಿಗೆ ನನ್ನ ಇಂಥ ಹಾಳೆಯನ್ನೇ ತೋರಿಸುತ್ತಾರೆ: ಗುಂಡಿ ಸರಿಯಿತ್ತು, ಅವಳದೇ ತಪ್ಪು.

ಯಾಕೆ ಕಟ್ಟುತ್ತೀಯ ಎಂದು ಕೇಳಿದೆ. ಕಟ್ಟದಿದ್ದರೆ ಟಾರ್ಗೆಟ್ ಮುಟ್ಟುವುದಿಲ್ಲ, ಎಡಗೈಯಲ್ಲಿ ಪೀಸ್ ಇಡುತ್ತ ಬಲಗೈಯಲ್ಲಿ ಒತ್ತಿದರೇ ಆ ಸ್ಪೀಡ್ ಬರುವುದು, ಟ್ಯೂಬ್ ತಂದುಕೊಟ್ಟದ್ದೇ ಸೂಪರ್‌ವೈಸರ್ ಎಂದಳು. ಊಟಕ್ಕೆ ಏನು ಮಾಡಿದ್ದೀರಿ ಎಂದು ಕೇಳುವ ದನಿಯಲ್ಲಿ ಹೇಳಿದಳು. ಅವತ್ತಿನ ಆಟ ಆ ಬಾಗಿಲ ಮುಂದೆಯೇ ನಿಂತಿತು.

ಸೋಮವಾರ ಚೆಕ್ ಶೀಟ್ ಹಿಡಿದು ಏಳನೇ ಪ್ರೆಸ್ಸಿಗೆ ನಡೆದುಹೋದೆ. ಎಡಗುಂಡಿಗೆ ಕಪ್ಪು ಟ್ಯೂಬ್ ನಾಲ್ಕು ಸುತ್ತು, ಹೂವಿನ ದಂಡೆ ಕಟ್ಟಿದಷ್ಟು ಅಚ್ಚುಕಟ್ಟಾಗಿತ್ತು. ಆ ಸಾಲಿಗೆ ಅಡ್ಡಗೆರೆ ಎಳೆದೆ. ಅಡ್ಡಗೆರೆ ಬಿದ್ದರೆ ಪ್ರೆಸ್ ನಿಲ್ಲಿಸಬೇಕು, ನಿಯಮ ಹಾಗಿದೆ. ಸೂಪರ್‌ವೈಸರ್ ಓಡಿ ಬಂದ.

"ಒಂದು ಟಿಕ್‌ಗೆ ಯಾಕ್ ಮೇಡಂ ಇಷ್ಟೊಂದು ಸೀನ್ ಮಾಡ್ತೀರಾ?" ಎಂದ.

ನನ್ನ ಶೀಟನ್ನು ಹರಿದು ಜೇಬಿಗೆ ಹಾಕಿಕೊಂಡ. ಎರಡನೇ ಶೆಡ್ಡಿನ ಇನ್ಸ್‌ಪೆಕ್ಟರ್ ಬಂದು ಹೊಸ ಶೀಟಿಗೆ ಟಿಕ್ ಹೊಡೆದುಹೋದ, ಪ್ರೆಸ್ಸಿನ ಕಡೆ ತಿರುಗಿಯೂ ನೋಡಲಿಲ್ಲ. ಕಾಲು ಗಂಟೆಯಲ್ಲಿ ಏಳನೇ ಪ್ರೆಸ್ ಧಡ್ ಧಡ್ ಎನ್ನುತ್ತಿತ್ತು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವಳು ನನ್ನ ಎದುರು ಬುತ್ತಿ ಬಿಚ್ಚಲಿಲ್ಲ. ಕಂಪ್ಲೇಂಟ್ ಮಾಡಿದ್ದು ನೀನೇನಾ ಎಂದು ಬೆಳಿಗ್ಗೆಯಿಂದ ನಾಲ್ಕು ಜನ ಅವಳನ್ನು ಕೇಳಿದ್ದರಂತೆ. ತನ್ನನ್ನು ಯಾಕೆ ನಡುವೆ ಎಳೆದಿರಿ ಎಂದು ಕೇಳಿ ಎದ್ದು ಹೋದಳು.

ಆ ವಾರ ನಾನು ಎಲ್ಲರ ಮೇಲೂ ಕುದಿಯುತ್ತಿದ್ದೆ, ಅವಳ ಮೇಲೆ ಎಲ್ಲರಿಗಿಂತ ಹೆಚ್ಚು. ಯಾರ ಕೈ ಉಳಿಯಲೆಂದು ಹೋಗಿದ್ದೆನೋ ಅವಳೇ ಮುಖ ತಿರುಗಿಸಿದರೆ? ಕೂತು ಸನ್ನಿವೇಶ ತಿದ್ದಿದೆ. ಗುಂಡಿ ಕಟ್ಟಿದರೆ ಬಾಗಿಲು ತೆರೆಯುತ್ತದೆ, ಸರಿ. ಆದರೆ ಕಟ್ಟಿದವರ ಕೈ ಕತ್ತರಿಸಿಕೊಂಡು ಮುಚ್ಚುತ್ತದೆ, ದಾಳ ಎಸೆಯುವ ಅವಕಾಶವೂ ಇಲ್ಲ. ಆಟ ನಡೆಸುವವರು ಆಟಗಾರರ ಮೇಲೆ ಸೇಡು ತೀರಿಸಿಕೊಳ್ಳಲು ಸನ್ನಿವೇಶ ಬರೆಯಬಾರದು. ಅದು ಗೊತ್ತಿದ್ದೂ ಬರೆದೆ, ಬರೆದು ಖುಷಿಯನ್ನೂ ಪಟ್ಟೆ.

ಭಾನುವಾರ ಅವಳು ಬರುತ್ತಾಳೋ ಇಲ್ಲವೋ ಎಂದುಕೊಂಡಿದ್ದೆ. ಬಂದಳು. ಮೂವರೂ ಮತ್ತೆ ಅದೇ ಬಾಗಿಲ ಮುಂದೆ ನಿಂತರು.

"ಓದ್ಸಲದಂಗೇ ಟ್ಯೂಬ್ ಕಟ್ಟಮ್ಮಿ," ಎಂದರು ಕ್ಯಾಪ್ಟನ್.

ಅವಳು ಕಟ್ಟಲಿಲ್ಲ. ಬಾಗಿಲ ಪಕ್ಕ ಚೆಕ್ ಶೀಟ್ ತೂಗುಹಾಕಿದ್ದಾರಾ ಎಂದು ಕೇಳಿದಳು. ನಾನು ಅದನ್ನು ಬರೆದಿರಲಿಲ್ಲ, ಆದರೆ ಇಂಥ ನಿಲ್ದಾಣದಲ್ಲಿ ಇರಲೇಬೇಕು. ಇದೆ ಎಂದೆ. ಏನು ಬರೆದಿದೆ ಎಂದಳು. ದಿನಾ ಎರಡೂ ಗುಂಡಿ ಸರಿ ಎಂದು ಬರೆದಿದೆ ಎಂದೆ. ಸಹಿ ಯಾರದು ಎಂದು ಕೇಳಿದಳು.

ಸತ್ತುಹೋದ ಗಣಿ ಅಧಿಕಾರಿಯ ಹೆಸರು ಹೇಳಬಹುದಿತ್ತು. ಹೆಸರುಗಳ ಪಟ್ಟಿಯೇ ನನ್ನ ಎದುರಿಗಿತ್ತು.

"ನನ್ದೇ," ಎಂದೆ.

"ಹಂಗಾದ್ರ ಬಾಗಲದಾಗ ಮದ್ಲ ನಿಮ್ಮ ಕೈ ಇಡ್ರಿ. ಆಮ್ಯಾಲ ನಾ ಹೋಗತೀನಿ."

ಆಟ ನಡೆಸುವವಳಿಗೆ ಪಾತ್ರವಿರುವುದಿಲ್ಲ. ಹೀಗೆಲ್ಲ ಕೇಳಬಹುದಾ ಎಂದು ಕ್ಯಾಪ್ಟನ್ ನನ್ನನ್ನು ಕೇಳಿದರು. ನಿಯಮದಲ್ಲಿ ಇಲ್ಲ ಎಂದೆ. ಕೈ ಕತ್ತರಿಸುವ ಪುಟವನ್ನು ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡೆ. ಮುಂದೆ ಅವತ್ತು ಯಾರೂ ದಾಳ ಎಸೆಯಲಿಲ್ಲ, ಬರೀ ಚಹಾ ಕುಡಿದು ಹೋದರು.

ಸೋಮವಾರ ಮೊದಲ ಪೀಸ್ ಬೀಳುವ ಮುಂಚೆ ಏಳನೇ ಪ್ರೆಸ್ಸಿನ ಮುಂದೆ ನಿಂತೆ. ಈ ಸಲ ಸೂಪರ್‌ವೈಸರ್ ಮ್ಯಾನೇಜರನ್ನೇ ಕರೆತಂದ. ಅಕ್ಕಪಕ್ಕದ ಪ್ರೆಸ್ಸಿನವರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ಮ್ಯಾನೇಜರ್ ಶೀಟು ಚಾಚಿ, ಟಿಕ್ ಹಾಕಿ ಸುಮ್ಮನೆ ಹೋಗಿ ಎಂದರು.

"ಟ್ಯೂಬ್ ಕಟ್ಟಿರೋ ಹಾಗೇ ಇರ್ಲಿ ಸಾರ್," ಎಂದೆ. "ಒಂದು ಪೀಸ್ ನೀವೇ ಒಳಗಿಟ್ಟು ಬಲಗಡೆ ಗುಂಡಿ ಒತ್ತಿ. ಆಮೇಲೆ ಟಿಕ್ ಹಾಕ್ತೀನಿ."

ತಲೆ ಕೆಟ್ಟಿದೆಯಾ ಎಂದು ಕೇಳಿದರು. ಇರಬಹುದು ಎಂದೆ. ಅವರು ಅಚ್ಚನ್ನು ನೋಡಿದರು, ಸುತ್ತ ನಿಂತವರನ್ನು ನೋಡಿದರು. ಉಂಗುರದ ಕೈ ಪ್ಯಾಂಟಿನ ಜೇಬಿಗೆ ಹೋಯಿತು, ಫೋನ್ ತೆಗೆದು ಎಲೆಕ್ಟ್ರಿಷಿಯನ್ನನ್ನು ಕರೆದರು. ಮುಂದಿನ ತಿಂಗಳು ನನ್ನನ್ನು ಸ್ಟೋರಿಗೆ ಎತ್ತಿಹಾಕಿದರು, ಅದು ಬೇರೆ ಮಾತು.

ಗುಂಡಿ ಕಟ್ಟಿದರೆ ಪ್ರೆಸ್ ಇಳಿಯದಂತೆ ತಡೆಯುವ ಒಂದು ಪುಟ್ಟ ಭಾಗ ಒಳಗಿರುತ್ತದೆ. ಅದು ಯಾವತ್ತೋ ಸುಟ್ಟಿತ್ತು, ಅದರ ಜಾಗದಲ್ಲಿ ಒಂದು ತುಂಡು ತಂತಿ ಸಿಕ್ಕಿಸಿದ್ದರು. ಹೊಸ ಭಾಗ ಸ್ಟೋರಿನಲ್ಲೇ ಇತ್ತು. ಹಾಕಲು ಅರ್ಧ ಗಂಟೆ ಹಿಡಿಯಿತು. ಅರ್ಧ ಗಂಟೆಯ ಕೆಲಸಕ್ಕೆ ಒಂದು ವರ್ಷ ಅವಳ ಕೈಯನ್ನು ಅಚ್ಚಿನೊಳಗೆ ಬಿಟ್ಟಿದ್ದರು, ಒಂದು ವರ್ಷ ನಾನು ಸರಿ ಎಂದು ಬರೆದಿದ್ದೆ. ಇದನ್ನು ನೆನೆದರೆ ಈಗಲೂ ನನ್ನ ರಕ್ತ ಕುದಿಯುತ್ತದೆ.

ಎಲೆಕ್ಟ್ರಿಷಿಯನ್ ಹೋದ ಮೇಲೆ ನಾನು ಪೆನ್ ತೆಗೆದೆ. ಪ್ರೆಸ್ಸಿನ ಪಕ್ಕ ನಿಂತಿದ್ದ ಅವಳು ತಡೀರಿ ಎಂದಳು. ಎಡಗುಂಡಿಗೆ ಮತ್ತೆ ಟ್ಯೂಬ್ ಸುತ್ತಿದಳು, ಮೊದಲಿನಷ್ಟೇ ಬಿಗಿಯಾಗಿ. ಬಲಗುಂಡಿಯನ್ನು ಒತ್ತಿದಳು. ಪ್ರೆಸ್ ಇಳಿಯಲಿಲ್ಲ. ಇನ್ನೊಮ್ಮೆ ಒತ್ತಿದಳು, ಮತ್ತೊಮ್ಮೆ ಒತ್ತಿದಳು. ಆಮೇಲೆ ಟ್ಯೂಬ್ ಬಿಚ್ಚಿ ಕಸದ ಡಬ್ಬಿಗೆ ಎಸೆದು, ಎರಡೂ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಈಗ ಬರೀರಿ," ಎಂದಳು.