ಸತ್ಯವತಿಯ ಎರಡು ಸೊನ್ನೆ

ಕಟಕಟಕಟ... ಲೈನ್ ಪ್ರಿಂಟರಿನ ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ; ಹಿಯರಿಂಗ್ ಏಡ್ ಇಲ್ಲದೆ ಕೇಳಿಸುವ ಸದ್ದು ಈಗ ಅದೊಂದೇ. ಮೈಸೂರಿನ ಕಾನ್ವೆಂಟಿನಲ್ಲಿ ಓದಿ ವಿಶಾಖಪಟ್ಟಣದ ಕಾರ್ಖಾನೆಯ ಕಂಪ್ಯೂಟರ್ ವಿಭಾಗ ಸೇರಿದ ನನಗೆ ಕೋಬಾಲ್ ಎಂಬ ಕಂಪ್ಯೂಟರ್ ಭಾಷೆ ತವರಿನಂತೆಯೇ ಇತ್ತು. ಯಾವುದು ಅಂಕಿ, ಯಾವುದು ಅಕ್ಷರ, ಯಾವುದಕ್ಕೆ ಎಷ್ಟು ಜಾಗ, ಎಲ್ಲ ಮೊದಲೇ ಬರೆದುಕೊಡಬೇಕು. ಥೇಟ್ ನಮ್ಮ ಕಾನ್ವೆಂಟಿನ ಮದರ್ ಸುಪೀರಿಯರ್. ಇಪ್ಪತ್ತು ಅಕ್ಷರದ ಜಾಗಕ್ಕೆ ಇಪ್ಪತ್ತೊಂದನೆಯದು ಬಂದರೆ ಮಾತಿಲ್ಲದೆ ಕತ್ತರಿ.

ಈಗ ವಿಜಯವಾಡದ ಪಟಮಟದಲ್ಲಿ ಮೊಮ್ಮಗಳು ಮೇಘನಾ ಈಗಿನ ಕಂಪ್ಯೂಟರ್ ಭಾಷೆಗಳನ್ನು ಕಲಿಯುವುದನ್ನು ಇಣುಕಿ ನೋಡುತ್ತಿರುತ್ತೇನೆ. ಜಾವಾಸ್ಕ್ರಿಪ್ಟಿಗೆ ಅಕ್ಷರದ 2, ಅಂಕಿಯ 2 ಕೊಟ್ಟು ಕೂಡಿಸು ಎಂದರೆ ಸಂಕೋಚವಿಲ್ಲದೆ 22 ಎನ್ನುತ್ತದೆ. ಯಾರು ಬಂದರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಿಸುವವರ ಹಾಗೆ. ಪೈಥಾನ್ ಒಪ್ಪುವುದಿಲ್ಲ, ಮೊದಲು ನೀವು ಯಾರು ಹೇಳಿ ಎಂದು ಬಾಗಿಲಲ್ಲೇ ನಿಲ್ಲಿಸುತ್ತದೆ.

"ಯಾವುದು ಬೆಟರ್ ಅಮ್ಮಮ್ಮಾ?" ಎಂದಳು ಮೇಘನಾ. ನನಗೆ ಸತ್ಯವತಿ ನೆನಪಾದಳು.

ಅನಕಾಪಲ್ಲಿಯ ಸತ್ಯವತಿ ಆ ಕಾರ್ಖಾನೆಯಲ್ಲಿ ನಮ್ಮ ಡೇಟಾ ಎಂಟ್ರಿ ಸೂಪರ್‌ವೈಸರ್. ನೌಕರರ ನಂಬರನ್ನು ನಾನು ಅಂಕಿ ಎಂದು ಬರೆದಾಗ ತಡೆದಿದ್ದಳು. "ಕೂಡಿಸೋದಿಲ್ಲ, ಕಳೆಯೋದಿಲ್ಲ ಅಂದ್ಮೇಲೆ ಅದು ನಂಬರಲ್ಲ ಅಮ್ಮಾಯಿ, ಪೇರು, ಹೆಸರು. ಅಕ್ಷರ ಅಂತ ಬರಿ."

ಅವಳು ಓದಿದ್ದು ಹೈಸ್ಕೂಲು. ನಾನು ಮೂಗೆತ್ತಿ, "ಎ ನಂಬರ್ ಈಸ್ ಎ ನಂಬರ್, ಸತ್ಯವತಿಗಾರೂ," ಎಂದೆ. ಕೋಬಾಲಿಗೆ ಐದು ಅಂಕಿಯ ಜಾಗ ಕೊಟ್ಟರೆ ಐದನ್ನೂ ತುಂಬುತ್ತದೆ, ಎಡಗಡೆ ಸೊನ್ನೆ ಹಾಕಿಯಾದರೂ ಸರಿ. ಹಾಗಾಗಿ ನನ್ನ ತಪ್ಪು ಅಷ್ಟು ವರ್ಷ ಮರೆಯಲ್ಲೇ ಉಳಿಯಿತು.

ಹೋದ ವರ್ಷ ವಿಶಾಖಪಟ್ಟಣಕ್ಕೆ ಹೋದಾಗ ಅವಳ ಜೊತೆ ಕಾರ್ಖಾನೆಯ ನಿವೃತ್ತರ ಆಸ್ಪತ್ರೆಗೆ ಹೋದೆ. ಅವಳ ಹೃದಯದ ಮಾತ್ರೆ ಮುಗಿದು ಎರಡು ದಿನವಾಗಿತ್ತು. ಕೌಂಟರಿನವಳು ಕಾರ್ಡಿನಲ್ಲಿದ್ದ ನೌಕರರ ನಂಬರು ನೋಡಿ 00738 ಒತ್ತಿದಳು. "ಈ ನಂಬರಲ್ಲಿ ಯಾರೂ ಇಲ್ಲಾಂಡಿ."

"ಹಾಗಾದ್ರೆ ನಾನ್ಯಾರಮ್ಮಾ, ದೆವ್ವಾನಾ?" ಎಂದಳು ಸತ್ಯವತಿ. ನಗುತ್ತಲೇ ಕಾರ್ಡನ್ನು ಮತ್ತೆ ಮುಂದಕ್ಕೆ ತಳ್ಳಿದಳು.

ನನಗೆ ಹೊಳೆಯಿತು. ಹಳೆಯ ದಾಖಲೆ ಹೊಸ ಕಂಪ್ಯೂಟರಿಗೆ ಹೋಗುವಾಗ, ನನ್ನ 'ಅಂಕಿ'ಯನ್ನು ನಂಬಿ ಅದು ಎಡಗಡೆಯ ಸೊನ್ನೆಗಳನ್ನು ಬೆಲೆಯಿಲ್ಲದವೆಂದು ಉದುರಿಸಿತ್ತು; ಹುಡುಕುವಾಗ ಮಾತ್ರ ಒತ್ತಿದ್ದನ್ನು ಅಕ್ಷರಕ್ಕೆ ಅಕ್ಷರ ಹೋಲಿಸುತ್ತಿತ್ತು. "ಬರೀ 738 ಒತ್ತಮ್ಮಾ," ಎಂದೆ. ಹೆಸರು ಬಂತು, ಮಾತ್ರೆಯೂ ಬಂತು. ಪಾಪ, ಯಾವ ಭಾಷೆಯದೂ ತಪ್ಪಿಲ್ಲ. ನಾನು ಹೇಳಿದ್ದನ್ನು ನಂಬಿದ್ದವು, ಅಷ್ಟೇ.

ಹೊರಗೆ ಬಂದು, "ಸಾರಿ, ಅದು ನನ್ನದೇ ಕೆಲಸ," ಎಂದು ಒಪ್ಪಿಕೊಂಡೆ.

"ಆವತ್ತೇ ಗೊತ್ತಿತ್ತು ಅಮ್ಮಾಯಿ," ಎಂದಳು. "ಆದ್ರೆ ನಿನ್ನ ಇಂಗ್ಲಿಷ್ ಎಷ್ಟು ಚೆಂದ ಇತ್ತು!"

ಅವಳನ್ನು ಕೊನೆಯ ಸಲ ನೋಡಿದ್ದು ಅಂದು, ಆಟೋದಲ್ಲಿ. ಮಾತ್ರೆಯ ಚೀಟಿಯನ್ನು ಮೊಣಕಾಲ ಮೇಲಿಟ್ಟು, ನನ್ನ ಪೆನ್ನು ಇಸಿದುಕೊಂಡು, 738ರ ಎಡಕ್ಕೆ ದುಂಡಗೆ ಎರಡು ಸೊನ್ನೆ ಬರೆಯುತ್ತಿದ್ದಳು. ಆಟೋ ಹೊರಟಿತು. ಪೆನ್ನು ಅವಳ ಹತ್ತಿರವೇ ಉಳಿಯಿತು.