ಬಾವಿಗೆ ಹಾಕುವ ಔಷಧ

ಡಾಕ್ಟರು ಸಿರಿಂಜಿನ ನೀರನ್ನು ಹಲ್ಲಿನೊಳಗೆ ಬಿಟ್ಟ ಕೂಡಲೇ ಅವ್ವನ ಬಾಯಲ್ಲಿ ಬಿಳಿ ನೊರೆ ಉಕ್ಕಿತು, ಜೊತೆಗೆ ಬ್ಲೀಚಿಂಗ್ ಪುಡಿಯ ಘಾಟು. ಅವ್ವ ಅವರ ಕೈ ಗಟ್ಟಿಯಾಗಿ ಹಿಡಿದುಬಿಟ್ಟಳು.

"ಇದು ಬಾವಿಗೆ ಹಾಕೋ ಔಷಧ ಅಲ್ಲೇನ್ರಿ?"

"ಅದರಂಥಾದ್ದ ಐತಿ ಯವ್ವಾ. ಹಲ್ಲಿನ ಬೇರಿನ ತೂತು ಭಾಳ ಸಣ್ಣದು, ಅದರಾಗಿನ ಹೊಲಸು ಬರೇ ಸೂಜಿಗೆ ಬರೂದಿಲ್ಲ. ಈ ನೀರು ಅದನ್ನ ಕರಗಿಸಿ ತೊಳೀತೈತಿ. ನುಂಗಬ್ಯಾಡ್ರಿ, ಉಗುಳ್ರಿ."

ಉಗುಳಿದಳು. ಡಾಕ್ಟರು ಹಲ್ಲು ತುಂಬಿ ಮುಗಿಸಿದ ಮೇಲೆ ಮುಚ್ಚಿದ ಬಾಯಿ ತೆರೆಯಲೇ ಇಲ್ಲ. ಅರವತ್ತರ ದಶಕದ ಮಾತು. ನಾನು ವಿಜಾಪುರದಲ್ಲಿ ಹೊಸದಾಗಿ ನೌಕರಿಗೆ ಸೇರಿದ್ದೆ, ಹಟ ಹಿಡಿದು ಅವಳನ್ನು ಕರೆತಂದವನೂ ನಾನೇ. ಬಸ್ಸು ನಮ್ಮೂರು ನಿಡೋಣಿ ಮುಟ್ಟುವವರೆಗೂ ಒಂದು ಮಾತಿಲ್ಲ. ಮನೆಯಲ್ಲಿ ನೀರು ಕೊಟ್ಟರೆ ತಂಬಿಗೆ ಸರಿಸಿದಳು, ಊಟಕ್ಕೆ ಕರೆದರೆ ಬೇಡವೆಂದು ಕೈಯಾಡಿಸಿದಳು. ಔಷಧ ನುಂಗಿಬಿಟ್ಟಳೇ, ಗಂಟಲು ಸುಟ್ಟಿತೇ ಎಂದು ನನ್ನ ಜೀವ ಬಾಯಿಗೆ ಬಂದಿತ್ತು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅವಳನ್ನು ಮತ್ತೆ ಡಾಕ್ಟರ ಹತ್ತಿರ ಕರೆದೊಯ್ಯಲೆಂದು ಚಪ್ಪಲಿ ಮೆಟ್ಟುತ್ತಿದ್ದೆ. ಅವ್ವ ತಾನೇ ತಂಬಿಗೆ ಎತ್ತಿ ಗಟಗಟ ಕುಡಿದಳು. ನನ್ನ ಮುಖ ನೋಡಿ, ಏನೂ ಆಗದವಳಂತೆ ಹೇಳಿದಳು:

"ಬಾವಿಗೆ ಪುಡಿ ಹಾಕಿದ ದಿನ ಯಾರರೆ ನೀರ ಮುಟ್ಟತಾರೇನಪಾ? ನಾನೂ ಒಂದ ದಿನ ಬಿಟ್ಟೆ."

ಆ ಹಲ್ಲಿನಿಂದಲೇ ಅವ್ವ ಕೊನೆಯವರೆಗೂ ಒಣಗಿದ ಕಟಕ ರೊಟ್ಟಿ ಕಡಿದಳು. ಈಗಲೂ ನಳದ ನೀರಿನಲ್ಲಿ ಆ ಘಾಟು ಬಂದರೆ, ತುಂಬಿದ ಲೋಟವನ್ನು ಹಾಗೇ ಮುಚ್ಚಿಟ್ಟು ನಾನು ಮರುದಿನ ಕುಡಿಯುತ್ತೇನೆ.